ಕಡಲೂರಿಗೆ ಒಬ್ಬಳ ಟಿಕೀಟು

ಭಾನುವಾರ ಇಗರ್ಜಿಯಿಂದ ಬಂದಮೇಲೆ ಫುರ್ತಾದೊ ಮನೆಯವರೆಲ್ಲ ಎರಡನೇ ಮಹಡಿಯ ಅಡುಗೆಮನೆಯಲ್ಲಿ ಊಟಕ್ಕೆ ಸೇರುವುದು ಇಪ್ಪತ್ತು ವರ್ಷದ ರೂಢಿ. ಅಮೆರಿಕದ ಫಾಲ್ ರಿವರ್ ಊರಿನ ಗುಡ್ಡದ ಬೀದಿಯಲ್ಲಿದ್ದ ಆ ಮೂರಂತಸ್ತಿನ ಮರದ ಮನೆಯಲ್ಲಿ ಕೆಳಗಡೆ ಎರ್ಮೆಲಿಂದಾ, ನಡುವೆ ಅವಳ ತಮ್ಮನ ಹೆಂಡತಿ ಇದಲೀನಾ, ಮೇಲೆ ಇದಲೀನಾಳ ಮಗ ಜಿಲ್ಬೆರ್ತೊ ಮತ್ತು ಸೊಸೆ ನೊಯೆಮಿಯಾ ವಾಸವಾಗಿದ್ದರು. ಅಡುಗೆ ಮಾತ್ರ ಯಾವಾಗಲೂ ಇದಲೀನಾಳದೇ. ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ, ಆಲೂಗೆಡ್ಡೆಯ ಜೊತೆ ಖಾರದ ಸಾಸೇಜು ಹಾಕಿ ಅವಳು ಕುದಿಸುವ ಸಾರಿನ ವಾಸನೆ ಹಿಂದಿನ ಬೀದಿಗೂ ಹೋಗುತ್ತಿತ್ತು. ಬಡಿಸುವವಳು ಕೊನೆಯಲ್ಲಿ ಒಲೆಯ ಪಕ್ಕ ನಿಂತೇ ಎರಡು ತುತ್ತು ತಿನ್ನುತ್ತಿದ್ದಳು. ಕೂತುಕೋ ಎಂದು ಯಾರೂ ಹೇಳುತ್ತಿರಲಿಲ್ಲ, ಅವಳು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಅವಳಿಗೆ ಅರವತ್ತನಾಲ್ಕು. ಗಂಡ ಜಸಿಂತೊ ಬಟ್ಟೆ ಗಿರಣಿಯ ಬಣ್ಣದ ಖಾತೆಯಲ್ಲಿದ್ದವನು, ಒಂದು ಚಳಿಗಾಲ ನ್ಯುಮೋನಿಯಾಕ್ಕೆ ತುತ್ತಾಗಿ ಹದಿನೊಂದೇ ದಿನದಲ್ಲಿ ಹೋದ. ಆಗ ಇದಲೀನಾಳಿಗೆ ನಲವತ್ತಮೂರು. ಹೆಣ ಇನ್ನೂ ಮನೆಯಲ್ಲಿದ್ದಾಗಲೇ ಎರ್ಮೆಲಿಂದಾ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು, ಕಪ್ಪು ಬಣ್ಣ ಕಲಸಿ, ತಮ್ಮನ ಹೆಂಡತಿಯ ಉಡುಪುಗಳನ್ನೆಲ್ಲ ಒಂದೊಂದಾಗಿ ಅದ್ದಿದಳು. ಕಿವಿಯ ಚಿನ್ನದ ಓಲೆ ಮಿನುಗಬಾರದೆಂದು ಅದಕ್ಕೂ ಕಪ್ಪು ದಾರ ಸುತ್ತಿದಳು. ತಾನೂ ಮೂವತ್ತಮೂರಕ್ಕೇ ವಿಧವೆಯಾಗಿ, ಪೋರ್ಚುಗಲ್ಲಿನ ಸಾವೊ ಮಿಗೆಲ್ ದ್ವೀಪದಿಂದ ಅದೇ ಕಪ್ಪಿನಲ್ಲಿ ಹಡಗು ಹತ್ತಿ ಬಂದವಳು.

ಆ ಬೀದಿಯ ವಿಧವೆಯರ ನಿಯಮಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ತಪ್ಪಿದವರನ್ನು ಹಿಡಿಯಲು ಪ್ರತಿ ಕಿಟಕಿಯ ಹಿಂದೆಯೂ ಒಂದು ಜೊತೆ ಕಣ್ಣಿತ್ತು. ತಲೆಯಿಂದ ಹಿಮ್ಮಡಿಯವರೆಗೆ ಕಪ್ಪು, ಜುಲೈ ತಿಂಗಳಿನಲ್ಲೂ ದಪ್ಪ ಕಾಲ್ಚೀಲ. ಮದುವೆಯೂಟಕ್ಕೆ ಹೋಗಬಹುದು, ಕುಣಿತ ಶುರುವಾಗುವ ಮೊದಲು ಏಳಬೇಕು. ಬೀದಿಗೆ ಮುಖಮಾಡಿ ಜಗಲಿಯಲ್ಲಿ ಕೂರಬಾರದು. ಹಲ್ಲು ತೋರಿಸಿ ನಗಬಾರದು. ಒಂದು ವರ್ಷ, ಎರಡು ವರ್ಷದ ಮಾತಲ್ಲ ಇದು, ತಾನು ಮಣ್ಣು ಸೇರುವವರೆಗೆ. ಹೆಂಡತಿ ಸತ್ತ ಗಂಡಸು ಮಾತ್ರ ತೋಳಿಗೊಂದು ಕಪ್ಪು ಪಟ್ಟಿ ಕಟ್ಟಿ, ಮರುವರ್ಷ ಅದನ್ನು ಬಿಚ್ಚಿ, ಮತ್ತೊಬ್ಬಳನ್ನು ಕಟ್ಟಿಕೊಳ್ಳುತ್ತಿದ್ದ.

ಇದಲೀನಾ ಇಪ್ಪತ್ತೊಂದು ವರ್ಷ ಇದನ್ನೆಲ್ಲ ತಪ್ಪದೆ ಪಾಲಿಸಿದ್ದಳು. ಗಿರಣಿ ಕಟ್ಟಡದ ನಾಲ್ಕನೇ ಮಹಡಿಯ ಶರ್ಟು ಕಾರ್ಖಾನೆಯಲ್ಲಿ ಕಾಲರು ಹೊಲಿಯುವುದು, ಮನೆಗೆ ಬಂದು ಬೇಯಿಸುವುದು, ಜಪಮಾಲೆ ಹಿಡಿದು ಮಲಗುವುದು. ಇದರಾಚೆಗೆ ಬೇರೇನಾದರೂ ಬೇಕೆಂದು ಅವಳು ಕೇಳಿದವಳಲ್ಲ.

ಕಾರ್ಖಾನೆಯಲ್ಲಿ ಪಕ್ಕದ ಮಷೀನಿನವಳು ಲೊರೇನ್. ಅವಳೂ ವಿಧವೆ, ಅವಳಿಗೂ ಅರವತ್ತು ದಾಟಿತ್ತು. ಆದರೆ ಅವಳು ಕೆನಡಾ ಕಡೆಯ ಫ್ರೆಂಚ್ ಜನ; ಕಿತ್ತಳೆ ಬಣ್ಣದ ಅಂಗಿ ಹಾಕುತ್ತಿದ್ದಳು, ತುಟಿಗೂ ಬಣ್ಣ ಹಚ್ಚುತ್ತಿದ್ದಳು. ಪ್ರತಿ ಜುಲೈನಲ್ಲಿ ಕಾರ್ಖಾನೆ ಎರಡು ವಾರ ಮುಚ್ಚಿದಾಗ ದಕ್ಷಿಣದ ವರ್ಜೀನಿಯಾ ಬೀಚಿಗೆ ಹೋಗಿಬರುವಳು. ಒಂದು ಸಲ ಅಲ್ಲಿ ತೆಗೆಸಿದ ಫೋಟೊ ತಂದು ತೋರಿಸಿದಳು. ಮರಳಿನ ಮೇಲೆ ಮಡಚುವ ಕುರ್ಚಿಗಳಲ್ಲಿ ಐದಾರು ಮುದುಕಿಯರು ಸಾಲಾಗಿ ಕೂತಿದ್ದರು. ಇದಲೀನಾ ಅದನ್ನು ಬಹಳ ಹೊತ್ತು ನೋಡಿದಳು.

"ಏನು ಹಾಗೆ ನೋಡ್ತಿದೀಯ? ನಮ್ಮ ಬೊಜ್ಜು ಎಣಿಸ್ತಿದೀಯಾ?" ಎಂದು ಲೊರೇನ್ ನಕ್ಕಳು.

"ಇವರ ಕೈಯಲ್ಲಿ ಏನೂ ಇಲ್ಲ" ಎಂದಳು ಇದಲೀನಾ. "ಹೆಣಿಗೆ ಇಲ್ಲ, ಪಾತ್ರೆ ಇಲ್ಲ, ಜಪಮಾಲೇನೂ ಇಲ್ಲ. ಸುಮ್ನೆ ಕೂತಿದಾರೆ."

"ಮತ್ತೆ ಸಮುದ್ರದ ಮುಂದೆ ಕೂತು ಬಟಾಣಿ ಸುಲೀಬೇಕಾ?"

ಇದಲೀನಾ ದ್ವೀಪದಲ್ಲಿ ಹುಟ್ಟಿದವಳು; ಮನೆಯ ಹಿತ್ತಲಿನಿಂದಲೇ ಸಮುದ್ರ ಕಾಣುತ್ತಿತ್ತು. ಆದರೂ ಈ ಅರವತ್ತನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಮೊಣಕಾಲಿನವರೆಗೆ ನೀರಿಗಿಳಿದಿರಲಿಲ್ಲ. ಸಮುದ್ರವೆಂದರೆ ಮೀನಿಗೆ ಹೋದ ಗಂಡಸರು ಬಾರದಿದ್ದಾಗ ಹೆಂಗಸರು ದಡದಲ್ಲಿ ನಿಂತು ಎದೆ ಬಡಿದುಕೊಳ್ಳುವ ಜಾಗ. ಅದರ ಮುಂದೆ ಸುಮ್ಮನೆ ಕೂರಬಹುದೆಂಬುದೇ ಅವಳಿಗೆ ಹೊಸ ಸಂಗತಿ. ಆ ದಿನ ಹೊಲಿದ ಕಾಲರುಗಳಲ್ಲಿ ಮೂರನ್ನು ತಿರುಗಿಸಿ ಹೊಲಿದು ಮೇಸ್ತ್ರಿಯಿಂದ ಬೈಸಿಕೊಂಡಳು.

ಚಳಿಗಾಲ ಪೂರ್ತಿ ಆ ಯೋಚನೆ ಅವಳ ಜೊತೆಗಿತ್ತು. ಮಾರ್ಚಿನಲ್ಲಿ ಪಾಪನಿವೇದನೆಗೆ ಹೋದಾಗ ಪಾದ್ರಿಯನ್ನೇ ಕೇಳಿಬಿಟ್ಟಳು. ವಿಧವೆ ಸಾಯುವತನಕ ಕಪ್ಪುಡಬೇಕೆಂದು ಇಗರ್ಜಿ ಎಲ್ಲೂ ಹೇಳಿಲ್ಲ, ಅದು ನಿಮ್ಮ ಊರವರು ಮಾಡಿಕೊಂಡದ್ದು ಎಂದು ಆತ ಹೇಳಿದ. ಇದಲೀನಾ ಹೊರಗೆ ಬಂದು ಮೆಟ್ಟಿಲ ಮೇಲೆ ಕಾಲಾಡದೆ ನಿಂತಳು. ದೇವರು ಕೇಳದಿದ್ದುದನ್ನು ಇಷ್ಟು ವರ್ಷ ಯಾರಿಗೆ ಕೊಟ್ಟೆ ಎಂದು ತನ್ನನ್ನೇ ಕೇಳಿಕೊಂಡಳು.

"ನನ್ನ ಜೊತೇಲೇ ಬಾ" ಎಂದು ಲೊರೇನ್ ಕರೆದಳು.

"ಬೇಡ. ನೀನು ಮಾತಾಡ್ತಾನೇ ಇರ್ತೀಯ. ನಾನು ಒಬ್ಬಳೇ ಹೋಗ್ತೀನಿ."

ಲೊರೇನ್‌ಗೆ ಬೇಸರವಾಗಲಿಲ್ಲ. ಊಟದ ಬಿಡುವಿನಲ್ಲಿ ಇಬ್ಬರೂ ಕಿಟಕಿಯ ಬಳಿ ಕೂತು ಒಂದೊಂದನ್ನೇ ಗೊತ್ತುಮಾಡಿಕೊಂಡರು. ನ್ಯೂಯಾರ್ಕಿನಲ್ಲಿ ಬಸ್ಸು ಬದಲಾಯಿಸಬೇಕು. ಅಲ್ಲಿ ಯಾರಾದರೂ ಚೀಲ ಹೊರುತ್ತೇನೆಂದರೆ ಕೊಡಬಾರದು. ತಂಗುವ ಕೋಣೆ ಎರಡನೇ ಮಹಡಿಯಲ್ಲಿರಲಿ, ಬಾಗಿಲಿಗೆ ಒಳಗಿನಿಂದ ಸರಪಳಿ ಇದೆಯೇ ಎಂದು ಕೇಳಬೇಕು. ಮಂಡಿನೋವಿರುವುದರಿಂದ ಮರಳಿನವರೆಗೆ ಹಲಗೆ ಹಾಸಿದ ದಾರಿ ಇರುವ ಕಡೆಯೇ ಇಳಿದುಕೊಳ್ಳಬೇಕು. ಬೆಳಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ಬಿಸಿಲಿಗಿಳಿಯಬೇಕು. ಇದಲೀನಾಳಿಗೆ ಓದು ಅಷ್ಟಕ್ಕಷ್ಟೆ; ಇಂಗ್ಲಿಷ್ ಮಾತುಗಳನ್ನು ಪೋರ್ಚುಗೀಸ್ ಕಾಗುಣಿತದಲ್ಲಿ ಬರೆದುಕೊಂಡು ಕಾಲರು ಹೊಲಿಯುತ್ತಲೇ ಬಾಯಿಪಾಠ ಮಾಡಿದಳು.

ಏಪ್ರಿಲಿನ ಒಂದು ಶನಿವಾರ ಪ್ರವಾಸದ ಕಚೇರಿಗೆ ಹೋದಳು. ಮೇಜಿನ ಹಿಂದಿನ ಹುಡುಗಿ ಕಪ್ಪು ತಲೆವಸ್ತ್ರದ ಮುದುಕಿಯನ್ನು ನೋಡಿ, "ಫಾತಿಮಾ ಮಾತೆಯ ಯಾತ್ರೆಗಾ ಅಮ್ಮಾ?" ಎಂದಳು.

"ಅಲ್ಲ. ವರ್ಜೀನಿಯಾ ಬೀಚಿಗೆ."

"ಎಷ್ಟು ಜನ?"

"ಒಬ್ಬಳು."

ಆ ಪದ ಹೇಳುವಾಗ ಕಳ್ಳತನ ಒಪ್ಪಿಕೊಂಡಂತೆ ಅವಳ ಕಿವಿ ಬಿಸಿಯಾಯಿತು. ಆದರೆ ಹುಡುಗಿ ತಲೆಯನ್ನೂ ಎತ್ತದೆ ಬರೆದುಕೊಂಡಳು. ಹಾಗೆ ಜುಲೈ ಮೊದಲ ವಾರಕ್ಕೆ ಆರು ದಿನದ ಕೋಣೆ, ಹೋಗಿಬರುವ ಬಸ್ಸು ಎಲ್ಲ ಗೊತ್ತಾಯಿತು. ಬರುವಾಗ ಇದಲೀನಾ ಪೇಟೆಯಲ್ಲಿ ಬೂದು ಬಣ್ಣದ ಒಂದು ತೆಳು ಉಡುಪು ಕೊಂಡಳು. ಅದಕ್ಕಿಂತ ಮುಂದಕ್ಕೆ ಹೋಗಲು ಅವಳಿಗೆ ಧೈರ್ಯ ಸಾಲಲಿಲ್ಲ.

ಸುದ್ದಿ ಹೊರಬಿದ್ದದ್ದು ಟಪಾಲಿನಿಂದ. ಮೂರು ಮನೆಗೂ ಕೆಳಗಿನ ಬಾಗಿಲಲ್ಲೇ ಡಬ್ಬಿ. ಎರ್ಮೆಲಿಂದಾಳಿಗೆ ಇಂಗ್ಲಿಷ್ ಬಾರದು. ಆದರೆ ಲಕೋಟೆಯ ಮೇಲೆ ಅಚ್ಚಾಗಿದ್ದ ಈಜುಡುಗೆಯ ಹೆಂಗಸನ್ನು ಅರ್ಥಮಾಡಿಕೊಳ್ಳಲು ಭಾಷೆ ಬೇಕಿರಲಿಲ್ಲ. ಆ ಭಾನುವಾರ ಅವಳು ಅದನ್ನು ಸತ್ತ ಇಲಿಯಂತೆ ತುದಿಬೆರಳಲ್ಲಿ ಹಿಡಿದುಕೊಂಡು ಮೇಲೆ ಬಂದು, ಸಾರಿನ ಪಾತ್ರೆಯ ಪಕ್ಕ ಹಾಕಿದಳು.

"ಏನಿದು?" ಎಂದ ಜಿಲ್ಬೆರ್ತೊ. ಒಡೆದು ಓದಿದ. ಅವನ ಮುಖ ಕೆಂಪಾಯಿತು. "ಅಮ್ಮಾ, ಇದು ನಿನ್ನ ಹೆಸರಲ್ಲಿದೆ."

"ಹೌದು. ನಾನೇ ತಗೊಂಡದ್ದು. ಆರು ದಿನ ಸಮುದ್ರ ನೋಡಿ ಬರ್ತೀನಿ."

"ಸಮುದ್ರ ಇಲ್ಲಿಲ್ವಾ? ಕಾರಲ್ಲಿ ಅರ್ಧ ಗಂಟೆ. ಹೇಳಿದ್ರೆ ನಾನೇ ಕರಕೊಂಡು ಹೋಗ್ತಿದ್ದೆ."

"ಹದಿನೈದು ವರ್ಷದಿಂದ ನಿನ್ನ ಹತ್ರ ಕಾರಿದೆ ಮಗಾ."

ಎರ್ಮೆಲಿಂದಾ ಕುರ್ಚಿಯ ಮೇಲೆ ನೆಟ್ಟಗೆ ಕೂತಳು. ಅವಳ ದನಿ ಎಂದೂ ಏರುತ್ತಿರಲಿಲ್ಲ. "ನನ್ನ ತಮ್ಮ ಮಣ್ಣಲ್ಲಿ ಮಲಗಿದಾನೆ. ನೀನು ಮರಳಲ್ಲಿ ಮಲಗೋಕೆ ಹೋಗ್ತೀಯಾ?"

"ಅತ್ತಿಗೆ, ಅವರು ಹೋಗಿ ಇಪ್ಪತ್ತೊಂದು ವರ್ಷ ಆಯ್ತು."

"ನಮ್ಮವರು ಸತ್ತು ಮೂವತ್ತೊಂಬತ್ತು. ನಾನು ಎಲ್ಲಿಗೆ ಹೋದೆ? ಎಣಿಸು ನೋಡೋಣ. ಇಗರ್ಜಿ, ಗಿರಣಿ, ಸ್ಮಶಾನ. ಮುಗೀತು."

"ಪಾದ್ರಿಗಳನ್ನ ಕೇಳಿದೆ. ಕಪ್ಪುಡಬೇಕು ಅಂತ ಇಗರ್ಜಿ ಹೇಳಿಲ್ವಂತೆ."

"ಆ ಪಾದ್ರಿಗೆ ಹಲ್ಲು ಬರೋ ಮೊದಲೇ ನಾನು ಕಪ್ಪುಟ್ಟವಳು. ಅವನು ನನಗೆ ಕಲಿಸ್ತಾನಾ? ಹೆಂಗಸು ಒಬ್ಬಳೇ ಹೋಟೆಲಲ್ಲಿ ಮಲಗ್ತಾಳೆ ಅಂದ್ರೆ ಅವಳಿಗೆ ಏನಂತಾರೆ ಅಂತ ನಾನು ಈ ಮೇಜಿನ ಮುಂದೆ ಬಾಯಿಬಿಟ್ಟು ಹೇಳಬೇಕಾ?"

"ಅರವತ್ತನಾಲ್ಕು ವರ್ಷದ ಮುದುಕಿಗೂ ಅದನ್ನೇ ಅಂತಾರಾ?"

"ಮುದುಕಿಗೆ ಇನ್ನೂ ಜೋರಾಗಿ ಅಂತಾರೆ."

ಜಿಲ್ಬೆರ್ತೊ ಟಿಕೀಟುಗಳನ್ನು ಮಡಿಸಿ ಜೇಬಿಗಿಟ್ಟುಕೊಂಡ. "ನಮ್ಮವರ ಕ್ಲಬ್ಬಲ್ಲಿ ನಾನು ಖಜಾಂಚಿ ಅಮ್ಮಾ. ನಾಳೆ ನಾಲ್ಕು ಜನ ನನ್ನ ಬೆನ್ನ ಹಿಂದೆ ನಗ್ತಾರೆ. ನಿನಗೆ ಬೇಕಾದ್ದೇನು ಹೇಳು, ದೊಡ್ಡ ಟಿ.ವಿ. ತಂದುಕೊಡ್ತೀನಿ."

ನೊಯೆಮಿಯಾ ತಟ್ಟೆಯಿಂದ ತಲೆಯೆತ್ತಲಿಲ್ಲ. ಅವಳ ತಾಯಿ ಪಕ್ಕದ ನ್ಯೂ ಬೆಡ್‌ಫರ್ಡಿನಲ್ಲಿ ಹೋದ ವರ್ಷವಷ್ಟೇ, ಐವತ್ತೆರಡನೇ ವಯಸ್ಸಿಗೆ, ಕಪ್ಪುಟ್ಟಿದ್ದಳು. ಮರುದಿನ ಬೆಳಗ್ಗೆ ಇದಲೀನಾ ಕೆಲಸಕ್ಕೆ ಹೊರಟಾಗ ಟಿಕೀಟಿನ ಲಕೋಟೆ ಅವಳ ಊಟದ ಡಬ್ಬಿಯ ಕೆಳಗಿತ್ತು. ನೊಯೆಮಿಯಾ ಗಂಡನ ಜೇಬಿನಿಂದ ತೆಗೆದು ಇಟ್ಟಿದ್ದಳು. ಇದಲೀನಾ ಅದನ್ನು ಚೀಲದೊಳಗಿಟ್ಟುಕೊಂಡು ಹೊರಟಳು.

ಎರಡು ತಿಂಗಳು ಎರ್ಮೆಲಿಂದಾ ಇದಲೀನಾಳೊಡನೆ ಮಾತು ಬಿಟ್ಟಳು. ಬೀದಿಯ ಹೆಂಗಸರು ಇಗರ್ಜಿಯಲ್ಲಿ ಅವಳ ಪಕ್ಕದ ಜಾಗ ಖಾಲಿಬಿಟ್ಟು ಕೂರತೊಡಗಿದರು. ಮೀನಂಗಡಿಯವನು, "ಈಜು ಕಲ್ತಾಯ್ತಾ ಅಮ್ಮಾ?" ಎಂದು ಗಿರಾಕಿಗಳ ಮುಂದೆ ಕೇಳಿ ನಗಿಸಿದ. ಇದಲೀನಾ ಉಪ್ಪುಮೀನು ಕಟ್ಟಿಸಿಕೊಂಡು ಸುಮ್ಮನೆ ಬಂದಳು. ಹೋಗುವುದಂತೂ ಹೋಗುವುದೇ ಎಂದು ಚೀಲ ಕಟ್ಟಿದಳು.

ಹೊರಡುವ ಹಿಂದಿನ ದಿನ ಬೆಳಗ್ಗೆ ಎರ್ಮೆಲಿಂದಾ ಹಾಸಿಗೆಯಿಂದ ಏಳಲಿಲ್ಲ.

"ನೋಡು, ನಿನ್ನಿಂದಾಗಿ ಅತ್ತೆ ಹಾಸಿಗೆ ಹಿಡಿದರು" ಎಂದ ಜಿಲ್ಬೆರ್ತೊ. ಇದಲೀನಾಳಿಗೂ ಮೊದಲು ಇದು ತನ್ನನ್ನು ತಡೆಯುವ ನಾಟಕವೆಂದೇ ಅನ್ನಿಸಿತು. ಕೆಳಗೆ ಹೋಗಿ ನೋಡಿದಳು. ಹೊರಗೆ ಮೈ ಬೇಯುವಂಥ ಸೆಕೆ; ಒಳಗೆ ಪರದೆಗಳೆಲ್ಲ ಇಳಿದಿದ್ದವು. ಕತ್ತಲೆಯಲ್ಲಿ ಮುದುಕಿ ಉಣ್ಣೆಯ ಶಾಲು ಹೊದ್ದು ಜ್ವರದಿಂದ ನಡುಗುತ್ತಿದ್ದಳು. ಕೋಣೆಯ ತುಂಬ ಕರ್ಪೂರದ ಮುಲಾಮಿನ ಘಾಟು. ಅದರಡಿಯಲ್ಲಿ ಇನ್ನೊಂದು ವಾಸನೆಯಿತ್ತು, ಹೂದಾನಿಯಲ್ಲಿ ಹಲವು ದಿನ ಬಿಟ್ಟ ನೀರಿನಂಥದು.

"ಮೈ ಒರೆಸ್ತೀನಿ ಅತ್ತಿಗೆ. ಜ್ವರ ಇಳಿಯುತ್ತೆ."

"ಮುಟ್ಟಬೇಡ."

ಕೈ ತಳ್ಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಇದಲೀನಾ ಶಾಲು ತೆಗೆದಳು. ಕಪ್ಪು ಉಡುಪಿನ ಗುಂಡಿ ಬಿಚ್ಚಿದಳು, ಅದರೊಳಗಿನ ಕಪ್ಪು ಒಳಂಗಿಯ ದಾರ ಸಡಿಲಿಸಿದಳು. ಎಡಗಡೆ ಹಳೆಯ ದಿಂಬಿನ ಚೀಲದ ಬಟ್ಟೆಯನ್ನು ಹಲವು ಮಡಿಕೆ ಮಾಡಿ ಎದೆಗೆ ಕಟ್ಟಿತ್ತು. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ನೆನೆಸಿ ಬಿಡಿಸಿದಾಗ ಕೆಳಗಿದ್ದುದು ಸ್ತನವಾಗಿರಲಿಲ್ಲ, ಮುಷ್ಟಿಯಷ್ಟು ಗಟ್ಟಿಯಾದ, ಬಿರಿದ, ಕೀವು ತುಂಬಿದ ಒಂದು ಹುಣ್ಣು.

ಇದಲೀನಾಳ ಕೈಯಿಂದ ಒದ್ದೆಬಟ್ಟೆ ಜಾರಿತು. "ದೇವರೇ. ಯಾವಾಗಿನಿಂದ?"

ಎರ್ಮೆಲಿಂದಾ ಗೋಡೆಗೆ ಮುಖ ತಿರುಗಿಸಿದಳು. "ನಾಲ್ಕು ವರ್ಷ. ಮೊದಲು ಕಡಲೆಯಷ್ಟಿತ್ತು."

"ಡಾಕ್ಟರ ಹತ್ರ ಯಾಕೆ ಹೋಗಲಿಲ್ಲ?"

"ಬಟ್ಟೆ ಬಿಚ್ಚು ಅಂತಾರೆ."

ಅಷ್ಟೇ ಕಾರಣ. ಅದನ್ನು ಅವಳು, ಇದಕ್ಕಿಂತ ಇನ್ನೇನು ಬೇಕು ಎಂಬಂತೆ ಹೇಳಿದಳು. ತಾನಾಗಿಯೇ ಮುಂದುವರಿಸಿದಳು. "ಮೂವತ್ತೊಂಬತ್ತು ವರ್ಷದಿಂದ ನನ್ನ ಮೈ ನಾನೇ ನೋಡಿಲ್ಲ. ಒಳಂಗಿ ಹಾಕ್ಕೊಂಡೇ ಸ್ನಾನ. ನಮ್ಮತ್ತೆ ಹಾಗೇ ಹೇಳಿಕೊಟ್ಟಿದ್ದು. ಗಂಡ ಇಲ್ಲದ ಮೈ ಯಾರದೂ ಅಲ್ಲ ಅಂತ. ನಂದೂ ಅಲ್ಲ."

ಆ ವಾರ ಬಸ್ಸು ಇದಲೀನಾಳನ್ನು ಬಿಟ್ಟು ಹೋಯಿತು. ಅವಳು ನೊಯೆಮಿಯಾಳ ಜೊತೆ ಅತ್ತಿಗೆಯನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಜಿಲ್ಬೆರ್ತೊನ ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಹೋದಳು. ನೋಡಿದವಳು ನಡುವಯಸ್ಸಿನ ಡಾಕ್ಟರು. ಪರೀಕ್ಷೆ ಮುಗಿಸಿ ಹೊರಗೆ ಬಂದು, ಕೈಗವಸು ತೆಗೆಯುತ್ತ ಜಿಲ್ಬೆರ್ತೊನನ್ನು ಕೇಳಿದಳು:

"ನಿಮ್ಮ ಮನೆಯಲ್ಲಿ ಇವರ ಜೊತೆ ಯಾರೂ ಇರಲಿಲ್ವೇ?"

"ಎಲ್ಲರೂ ಒಂದೇ ಮನೇಲಿದೀವಿ."

"ಮೊದಲ ವರ್ಷ ಬಂದಿದ್ರೆ ಒಂದು ಸಣ್ಣ ಆಪರೇಷನ್ನು. ಈಗ ಕ್ಯಾನ್ಸರು ಬೆನ್ನುಮೂಳೆಗೆ ಇಳಿದಿದೆ. ಇದೇ ವರ್ಷ ಹೀಗೆ ತಡವಾಗಿ ಬಂದ, ಕಪ್ಪುಟ್ಟ ನಿಮ್ಮ ಕಡೆಯ ಹೆಂಗಸರಲ್ಲಿ ಇವರು ಮೂರನೆಯವರು." ಅವಳ ಸಿಟ್ಟು ಯಾರ ಮೇಲೆಂದು ಅವಳಿಗೇ ಗೊತ್ತಾಗದಂತಿತ್ತು. "ಗೌರವ ಅಂತೀರಿ. ಯಾರಿಗೆ ಗೌರವ ಇದು? ಸತ್ತವರಿಗಾ?"

ಜಿಲ್ಬೆರ್ತೊ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನೆಲ ನೋಡಿದ.

ಎರ್ಮೆಲಿಂದಾ ಮನೆಯಲ್ಲೇ ಸಾಯಬೇಕೆಂದಳು. ಒಂಬತ್ತು ವಾರ ನರಳಿದಳು. ದಿನಕ್ಕೆರಡು ಸಲ ಇದಲೀನಾ ಬಟ್ಟೆ ಬದಲಿಸಿ ಹುಣ್ಣು ತೊಳೆದಳು. ಎರಡು ವಾರದ ರಜೆ ಮುಗಿದಮೇಲೆ ಕೆಲಸಕ್ಕೆ ಹೋಗುವ ಮೊದಲೊಮ್ಮೆ, ಬಂದಮೇಲೊಮ್ಮೆ. ಮುದುಕಿ ಕೂಗುತ್ತಿರಲಿಲ್ಲ, ಶಾಲಿನ ತುದಿ ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಬಂದವರಿಗೆ ಹೃದಯದ ಕಾಯಿಲೆ ಎಂದು ಹೇಳಬೇಕೆಂದು ಎಲ್ಲರಿಂದ ಆಣೆ ಹಾಕಿಸಿಕೊಂಡಿದ್ದಳು. ಎದೆ ಎಂಬ ಶಬ್ದ ಬೀದಿಯ ಬಾಯಲ್ಲಿ ತನ್ನ ಹೆಸರಿನ ಜೊತೆ ಬರಬಾರದು.

ಆಗಸ್ಟಿನ ಕೊನೆಯಲ್ಲಿ ಒಂದು ಸಂಜೆ, ತೊಳೆದು ಮುಗಿದ ಮೇಲೆ, ಎರ್ಮೆಲಿಂದಾ ಇದಲೀನಾಳ ಮಣಿಕಟ್ಟು ಹಿಡಿದುಕೊಂಡಳು.

"ಆ ಊರಿಗೆ ಹೋಗಬೇಕು ಅಂತ ಇನ್ನೂ ಅನ್ಸುತ್ತಾ?"

ಇದಲೀನಾ ಸುಳ್ಳು ಹೇಳಲಿಲ್ಲ. "ಅನ್ಸುತ್ತೆ ಅತ್ತಿಗೆ."

"ನಾನಿರೋವಾಗ ಹೋಗಬೇಡ."

"ಎಲ್ಲಿಗೆ ಹೋಗ್ಲಿ ಈಗ? ನಿಮ್ಮನ್ನ ಬಿಟ್ಟು?"

"ಅದಲ್ಲ." ಮುದುಕಿ ಉಸಿರು ಕೂಡಿಸಿಕೊಂಡಳು. "ನೀನು ಹೋದೆ ಅಂತಿಟ್ಕೋ. ನಗ್ತಾ ಕೂತೆ. ಸಿಡಿಲು ಬಡೀಲಿಲ್ಲ. ದೇವರು ಏನೂ ಮಾಡಲಿಲ್ಲ. ಸುಖವಾಗಿ ವಾಪಸ್ ಬಂದೆ. ಆಗ ನನ್ನ ಮೂವತ್ತೊಂಬತ್ತು ವರ್ಷ ಏನಾಯ್ತು ಹೇಳು? ಅದನ್ನ ನೋಡಿಕೊಂಡು ನಾನು ಹೇಗೆ ಸಾಯಲಿ?"

ಇಷ್ಟು ವರ್ಷ ತನ್ನನ್ನು ಕಾವಲು ಕಾಯುತ್ತಿದ್ದ ಆ ಕಣ್ಣುಗಳಲ್ಲಿ ಇದಲೀನಾ ಆ ದಿನ ಮೊದಲ ಬಾರಿಗೆ ಹೆದರಿಕೆ ಕಂಡಳು. ಪಾತ್ರೆಯ ನೀರನ್ನು ಹೊರಗೆ ಚೆಲ್ಲಿ ಬಂದು, ಹಾಸಿಗೆಯ ಅಂಚಿನಲ್ಲಿ ಕೂತು ಅತ್ತಿಗೆಯ ಕಾಲು ಒತ್ತಿದಳು. ಇಬ್ಬರೂ ಅತ್ತರು. ಆದರೆ ಎರ್ಮೆಲಿಂದಾ ತನ್ನ ಮಾತು ಹಿಂತೆಗೆದುಕೊಳ್ಳಲಿಲ್ಲ, ಹೋಗು ಎಂದು ಅನ್ನಲಿಲ್ಲ.

ಸೆಪ್ಟೆಂಬರ್ ಐದರಂದು ಅವಳು ಸತ್ತಳು. ಸಾವಿನ ಮನೆಗೆ ಇಡೀ ಬೀದಿ ಬಂತು. "ಹೃದಯ ನಿಂತುಹೋಯ್ತಂತೆ, ಪುಣ್ಯವಂತೆ, ನರಳಲಿಲ್ಲ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. "ಕೊನೇತನಕ ಕಪ್ಪು ಬಿಡಲಿಲ್ಲ ನೋಡಿ" ಎಂದು ಹೊಗಳಿದರು. ಒಂಬತ್ತು ವಾರ ಆ ಕಪ್ಪಿನ ಗುಂಡಿ ಬಿಚ್ಚಿ ಹಾಕಿದ ಇದಲೀನಾ ಮೂಲೆಯಲ್ಲಿ ಕಾಫಿ ಬಗ್ಗಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ನಾಲಿಗೆಯ ತುದಿಗೆ ಬಂದುದನ್ನು ನುಂಗಿದಳು. ಆಣೆ ಇತ್ತು. ಅಂಥ ಹೊತ್ತಿನಲ್ಲಿ ಸತ್ಯ ಹೇಳುವುದು ಹೆಣಕ್ಕೆ ಮಾಡುವ ಅವಮಾನವೆಂದೂ ಅನ್ನಿಸಿತು.

ಮಣ್ಣು ಮಾಡಿ ಬಂದಮೇಲೆ ಜಿಲ್ಬೆರ್ತೊ ತಾಯಿಯನ್ನು ಕೂರಿಸಿ ಮೆಲ್ಲಗೆ ಮಾತಾಡಿದ.

"ಇನ್ನು ನೀನೇ ಈ ಮನೆಗೆ ಹಿರಿಯಳು ಅಮ್ಮಾ. ಅತ್ತೆ ಹೇಗಿದ್ರೋ ಹಾಗೆ ಇರಬೇಕು. ಒಂದು ವರ್ಷ ಪರದೆ ಇಳಿಸಿರು. ಕೆಲಸಾನೂ ಬಿಟ್ಟುಬಿಡು. ನೊಯೆಮಿಯಾ ಅಮ್ಮನೂ ಅಲ್ಲಿ ಒಬ್ಬಳೇ ಇದಾಳೆ, ಕೆಳಗಿನ ಮನೆಗೆ ಕರಕೊಂಡು ಬರೋಣ. ಇಬ್ರೂ ಒಟ್ಟಿಗೆ ಪ್ರಾರ್ಥನೆ ಮಾಡ್ಕೊಂಡು ಇರಿ."

"ಅವಳಿಗೆ ಐವತ್ತಮೂರು" ಎಂದಳು ಇದಲೀನಾ.

"ಅದಕ್ಕೇ. ನೀನು ನೋಡ್ಕೋಬೇಕು ಅವಳನ್ನ. ಹೇಳಿಕೊಡಬೇಕು."

ಇದಲೀನಾ ಮಗನ ಮುಖವನ್ನೇ ದಿಟ್ಟಿಸಿದಳು. ಕೆಟ್ಟವನಲ್ಲ ಅವನು. ಅತ್ತೆಗಾಗಿ ನಿಜವಾಗಿಯೂ ಅತ್ತಿದ್ದ. ಒಂಬತ್ತು ವಾರದ ವಾಸನೆ ಅವನ ಮೂಗಿಗೂ ಬಡಿದಿತ್ತು, ಡಾಕ್ಟರ ಮಾತು ಅವನ ಕಿವಿಗೂ ಬಿದ್ದಿತ್ತು. ಆದರೂ ಖಾಲಿಯಾದ ಕೆಳಗಿನ ಮನೆಗೆ ಅವನು ಆಗಲೇ ಇನ್ನೊಬ್ಬಳನ್ನು ಗೊತ್ತುಮಾಡಿದ್ದ. ಪರದೆ ಇಳಿಸುವ ಕೆಲಸ ತಾಯಿಗೆ ಒಪ್ಪಿಸುತ್ತಿದ್ದ.

"ನಾನು ಹೇಳಿಕೊಡಲ್ಲ" ಎಂದಳು.

"ಏನು?"

"ನಿಮ್ಮತ್ತೆ ನನಗೆ ಹೇಳಿಕೊಟ್ರು. ಅವರಿಗೆ ಅವರತ್ತೆ. ಇದು ನನ್ನ ಹತ್ರ ನಿಲ್ಲಲಿ. ಈ ತಿಂಗಳ ಕೊನೇಲಿ ನಾನು ಹೊರಡ್ತೀನಿ. ಆ ಕಚೇರಿಯ ಹುಡುಗಿ ತಾರೀಕು ಬದಲಾಯಿಸಿ ಕೊಡ್ತೀನಿ ಅಂದಿದಾಳೆ. ನೀರು ಇನ್ನೂ ಬೆಚ್ಚಗಿರುತ್ತಂತೆ."

ಜಿಲ್ಬೆರ್ತೊ ಎದ್ದು ನಿಂತ. "ಹೆಣ ಹೋಗಿ ತಿಂಗಳಾಗಿರಲ್ಲ! ನನ್ನ ತಲೆ ಮೇಲೆ ಉಗಿಯೋಕೆ ಹೊರಟಿದೀಯಾ? ಆ ಬಸ್ಸು ಹತ್ತಿದ್ರೆ ಮತ್ತೆ ನನ್ನ ಮನೆ ಮೆಟ್ಟಿಲು ಹತ್ತಬೇಡ."

"ನಿನ್ನ ಮನೆ ಮೂರನೇ ಮಹಡೀಲಿ. ನನ್ನ ಮಂಡಿಗೆ ಅಷ್ಟು ಮೆಟ್ಟಿಲು ಹೇಗೂ ಆಗಲ್ಲ."

ಮಗ ಬಾಗಿಲು ಬಡಿದುಕೊಂಡು ಹೋದ. ಅಂದಿನಿಂದ ಭಾನುವಾರದ ಊಟ ನಿಂತಿತು. ಮೂರು ಭಾನುವಾರ ಇದಲೀನಾ ಒಬ್ಬಳೇ, ಮೇಜಿನ ಮುಂದೆ ಕೂತು ಉಂಡಳು. ಹೋಗದೆ ಇದ್ದುಬಿಟ್ಟರೆ ಇದೆಲ್ಲ ಸರಿಹೋಗುತ್ತದೆ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಹತ್ತು ಸಲವೂ ಅವಳಿಗೆ ದಿಂಬಿನ ಚೀಲದ ಆ ಬಟ್ಟೆ ನೆನಪಾಗುತ್ತಿತ್ತು.

ಬಸ್ ನಿಲ್ದಾಣಕ್ಕೆ ಲೊರೇನ್ ಬಂದಿದ್ದಳು. ಮಗ ಬರಲಿಲ್ಲ. ನ್ಯೂಯಾರ್ಕಿನಲ್ಲಿ ಇದಲೀನಾ ದಾರಿ ತಪ್ಪಿ, ಬಾಯಿಪಾಠದ ಇಂಗ್ಲಿಷೆಲ್ಲ ಮರೆತು, ಒಬ್ಬ ಪೊಲೀಸಿನವನ ಮುಂದೆ ಟಿಕೀಟು ಹಿಡಿದು ಮೂಕಿಯಂತೆ ನಿಂತಳು. ಅವನು ಕೈಹಿಡಿದು ಕರೆದೊಯ್ದು ಸರಿಯಾದ ಬಸ್ಸು ಹತ್ತಿಸಿದ. ಮರುದಿನ ಬೆಳಗ್ಗೆ ಅವಳು ಆ ಕಡಲೂರು ತಲುಪಿದಳು.

ಪ್ರವಾಸಿಗರ ಋತು ಮುಗಿದು ಊರು ಬಿಕೋ ಎನ್ನುತ್ತಿತ್ತು. ಐಸ್‌ಕ್ರೀಮಿನ ಅಂಗಡಿಗಳು ಮುಚ್ಚಿದ್ದವು, ಕುರ್ಚಿ ಬಾಡಿಗೆ ಕೊಡುವವನೂ ಅಂದೇ ಗಂಟುಮೂಟೆ ಕಟ್ಟುತ್ತಿದ್ದ. ಬೂದು ಉಡುಪಿನಲ್ಲಿ, ಕಾಲ್ಚೀಲವಿಲ್ಲದೆ ಹಲಗೆದಾರಿಯ ಮೇಲೆ ನಡೆಯುವಾಗ ಅವಳಿಗೆ ಎಲ್ಲರೂ ತನ್ನ ಕಾಲನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ. ನೀರಿಗೆ ಇಳಿದಳು. ಮಂಡಿ ಮುಳುಗಿತು, ಉಡುಪು ಒದ್ದೆಯಾಗಿ ತೊಡೆಗೆ ಅಂಟಿತು. ಅಲೆ ಹಿಂದೆ ಸರಿಯುವಾಗ ಪಾದದಡಿಯ ಮರಳು ಜಾರಿತು. ಅವಳು ಬೀಳದಂತೆ ಕಾಲು ಅಗಲಿಸಿ ನಿಂತಳು.

ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಮೊದಲು ಬಂದದ್ದು ಅಳು. ಇಷ್ಟು ಸುಲಭವಾಗಿತ್ತು ಇದು! ಬಸ್ಸಿನಲ್ಲಿ ಒಂದು ಹಗಲು ಒಂದು ಇರುಳು ಕೂತರೆ ಸಾಕಾಗಿತ್ತು. ಅದಕ್ಕಾಗಿ ಒಬ್ಬಳು ಮೂವತ್ತೊಂಬತ್ತು ವರ್ಷ ಕತ್ತಲೆಯಲ್ಲಿ ಕೂತಳು, ತಾನು ಇಪ್ಪತ್ತೊಂದು. ಅಳು ನಿಂತಮೇಲೂ ಅವಳು ದಡಕ್ಕೆ ಬರಲಿಲ್ಲ. ಬೆಳಗಿನ ಬಿಸಿಲು ಮುಖಕ್ಕೆ ಬೀಳುತ್ತಿತ್ತು. ಅದು ಹಿತವಾಗಿತ್ತು.

ಮೂರನೆಯ ದಿನ ಹಲಗೆದಾರಿಯ ಟೆಲಿಫೋನಿನಿಂದ ಮನೆಗೆ ಕರೆ ಮಾಡಿದಳು. ನೊಯೆಮಿಯಾ ಎತ್ತಿಕೊಂಡಳು.

"ಅತ್ತೇ! ಆರಾಮಿದೀರಾ? ಇವರು ಕೆಲಸಕ್ಕೆ ಹೋಗಿದಾರೆ. ಇಲ್ಲಿ ಬೀದಿಯವರೆಲ್ಲ ಬಂದು ಬಂದು ಕೇಳ್ತಿದಾರೆ. ನೀವು ಎಲ್ಲಿಗೆ ಹೋಗಿದೀರಿ ಅಂತ. ಇವರು ದೇವರ ಯಾತ್ರೆಗೆ ಅಂತ ಹೇಳು ಅಂದಿದಾರೆ. ನಾನು ಏನು ಹೇಳಲಿ?"

"ಎಲ್ಲಿದೀನೋ ಅದನ್ನೇ ಹೇಳು. ಸಮುದ್ರದ ಹತ್ರ ಇದಾಳೆ, ಬೂದು ಉಡುಪು ಹಾಕ್ಕೊಂಡು ನೀರಲ್ಲಿ ನಿಂತ್ಕೊಳ್ತಾಳೆ ಅಂತ ಹೇಳು."

ಅತ್ತ ಕಡೆ ನೊಯೆಮಿಯಾ ಉಸಿರೆಳೆದದ್ದು ಕೇಳಿಸಿತು.

"ಇನ್ನೊಂದು" ಎಂದಳು ಇದಲೀನಾ. "ನಿಮ್ಮ ದೊಡ್ಡತ್ತೆ ಹೃದಯ ನಿಂತು ಸಾಯಲಿಲ್ಲ ಅಂತಲೂ ಹೇಳು. ಎದೇಲಿ ಗಂಟಿತ್ತು, ನಾಲ್ಕು ವರ್ಷ ಬಟ್ಟೆ ಬಿಚ್ಚೋಕೆ ನಾಚಿಕೊಂಡು ಮುಚ್ಚಿಟ್ಟಿದ್ರು, ಅದರಿಂದ ಸತ್ರು ಅಂತ ಹೇಳು. ಆಣೆ ಮುರಿದ ಪಾಪ ನಂದು, ನಿಂದಲ್ಲ. ಎಲ್ಲ ಮನೆಗೂ ಹೋಗಿ ಹೇಳು."

"ಇವರು ನನ್ನ ಸುಮ್ನೆ ಬಿಡ್ತಾರಾ ಅತ್ತೇ?"

"ಬಿಡಲ್ಲ. ನಾನು ಶನಿವಾರ ಬರ್ತೀನಿ, ನಿನ್ನ ಜೊತೆ ಇರ್ತೀನಿ."

ನಾಣ್ಯ ಹಾಕಿರೆಂದು ಟೆಲಿಫೋನಿನೊಳಗಿನ ಹೆಂಗಸು ಹೇಳಿದಳು. ಇದಲೀನಾ ಇನ್ನೊಂದು ನಾಣ್ಯ ಹಾಕಿದಳು.

"ಮೊದಲು ಯಾರ ಮನೆಗೆ ಹೋಗಲಿ?" ಎಂದು ಕೇಳಿದಳು ನೊಯೆಮಿಯಾ.

"ನಿಮ್ಮಮ್ಮನ ಮನೆಗೆ" ಎಂದಳು ಇದಲೀನಾ. "ಈಗಲೇ ಹೊರಡು."